ಯಾರ ಕಡೆಯ ಮಾವ?

“ಎಲ್ಲಾರೂ ಫೋನು ಈ ಮೊರಕ್ಕೆ ಹಾಕ್ರಿ” ಅಂದೆ. “ಆಮೇಲೇನೇ ಮಾತು.”

ಸಿದ್ದೇಶ್ ಮುಖ ಗಂಟು ಹಾಕಿಕೊಂಡ. ನ್ಯಾಮತಿಯಲ್ಲಿ ಪೈಪು, ನಲ್ಲಿ, ಮೋಟಾರು ಮಾರುವ ದೊಡ್ಡ ಅಂಗಡಿ ಅವನದು. ಅವನ ಮನೆ ಪಡಸಾಲೆಯಲ್ಲೇ ನಿಂತು ಅವನ ಫೋನನ್ನೇ ಕೇಳುವ ಹೆಂಗಸನ್ನು ಅವನು ಅಲ್ಲಿವರೆಗೆ ಕಂಡಿರಲಿಲ್ಲ ಅಂತ ಕಾಣುತ್ತೆ.

“ಪ್ರೇಮಕ್ಕಾ, ಇದೇನು ಪರೀಕ್ಷೆ ಹಾಲೇನ್ರೀ?”

“ಅದಕ್ಕಿಂತ ಕಡೆ. ಹಾಕಪ್ಪ.”

ಹಾಕಿದ. ಮೊರ ಹಿಡಿದು ನಿಂತಿದ್ದವರು ನಮ್ಮೆಜಮಾನರು ಕಲ್ಲೇಶಪ್ಪ. ಗಂಡನ ಹೆಸರು ಕೂಗಬಾರದು ಅಂತಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ. ನನ್ನನ್ನು ಸ್ಕೂಟರಿನಲ್ಲಿ ಕರೆತರೋದು, ಹೋದ ಮನೆಯಲ್ಲೆಲ್ಲಾ ಕೊಟ್ಟಿದ್ದು ತಿನ್ನೋದು, ಇವೆರಡೇ ಅವರ ಕೆಲಸ. ಬೆಳಿಗ್ಗೆ ಬರುವಾಗಲೂ ಸವಳಂಗದಲ್ಲಿ ಟೀ ಕುಡಿಯದೆ ಗಾಡಿ ಮುಂದಕ್ಕೆ ಹೋಗಲ್ಲ ಅಂತ ಹಠ ಹಿಡಿದಿದ್ದರು.

ಸಿದ್ದೇಶನ ತಾಯಿ ಅಜ್ಜಮ್ಮ ತಮ್ಮ ಗುಂಡಿ ಫೋನು ತಂದು ಮೊರದ ಮೇಲೆ ಹಿಡಿದರು. “ನಂದೂ ಹಾಕ್ಲೇನವ್ವಾ? ಇದ್ರಾಗೆ ಬರೀ ಮಾತಾಡಾಕೆ ಬರ್ತೈತೆ.”

“ಅದೇ ಒಳ್ಳೆ ಫೋನು, ಅಜ್ಜಮ್ಮ. ಆದ್ರೂ ಹಾಕಿಬಿಡ್ರಿ.”

ನಾನು ಚನ್ನಗಿರಿಯ ಪ್ರೇಮಲತಾ. ಹೆಣ್ಣು ಗಂಡಿನ ಸಂಬಂಧ ಕೂಡೋ ಮುಂಚೆ ಜನ ನನ್ನ ಹತ್ತಿರ ಬಂದು, ಸ್ವಲ್ಪ ವಿಚಾರಿಸಿ ಹೇಳ್ರಿ ಅಂತಾರೆ. ಹುಡುಗ ಕುಡೀತಾನಾ, ಹೇಳಿದಷ್ಟು ತೋಟ ನಿಜಕ್ಕೂ ಐತಾ, ಅತ್ತೆ ಬಾಯಿ ಹೆಂಗೆ, ಇವನ್ನೆಲ್ಲಾ ಕೆದಕಿ ತೆಗೆಯೋದು ನನ್ನ ಕಸುಬು. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಾಕೆ ನಾಚೋರು ಈಗೀಗ ಬೇರೆ ತಾಪತ್ರಯಕ್ಕೂ ನನ್ನನ್ನೇ ಕರೀತಾರೆ.

ಈ ಸಲ ಕರೆದವಳು ಸಿದ್ದೇಶನ ಹೆಂಡತಿ ಸಂಧ್ಯಾರಾಣಿ. ಅವರ ಮಗಳು ಸುಚಿತ್ರಾ, ಎಂಟನೇ ಕ್ಲಾಸು, ಖೋ ಖೋ ಆಟದಲ್ಲಿ ಗಾಳಿ ಬೀಸಿದಂಗೆ ಓಡ್ತಾಳೆ. ‘ಕೋಚ್ ಅಕ್ಕ’ ಅನ್ನೋ ಹೆಸರಿನಲ್ಲಿ ಯಾರೋ ಅವಳ ಫೋನಿಗೆ ಗಂಟುಬಿದ್ದು, ಹೊಸ ಬೂಟು ಕೊಡಿಸ್ತೀನಿ, ಯಾರಿಗೂ ಹೇಳದೆ ಒಬ್ಬಳೇ ಹೊನ್ನಾಳಿ ಬಸ್ ಸ್ಟ್ಯಾಂಡಿಗೆ ಬಾ ಅಂದಿದ್ದರು. ಹುಡುಗಿ ಹೋಗಲಿಲ್ಲ. ಸೀದಾ ಅಜ್ಜಿಗೆ ಹೇಳಿದಳು.

ಹೇಳಿದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ ಏನು ಗೊತ್ತಾ? ಮನೆ ವಿಷಯವನ್ನೆಲ್ಲಾ ಗುರುತಿಲ್ಲದವರಿಗೆ ಒದರಿದವಳು ಇವಳೇ ಅಂತ ಅಪ್ಪ ತೀರ್ಮಾನ ಮಾಡಿದ. ನಾಳೆ ಬೆಳಿಗ್ಗೆ ಶಾಲೆಯಿಂದ ಟಿ.ಸಿ. ತಂದು ಎಲ್ಲೋ ದೂರದ ಹಾಸ್ಟೆಲ್ಲಿಗೆ ಹಾಕೋದು, ಖೋ ಖೋ ಬಂದ್. ಕೇಳಿ ನನ್ನ ಮೈಯೆಲ್ಲಾ ಉರಿದು ಹೋಯ್ತು. ಹೇಳಿದ ಮಗುವಿಗೇ ಹಿಂಗಾದರೆ ಇನ್ನೊಂದು ಸಲ ಅದು ಬಾಯಿ ಬಿಡುತ್ತೇನ್ರೀ?

“ನಾನೇನು ಬೇಜವಾಬ್ದಾರಿ ಅಪ್ಪ ಅಲ್ಲ” ಅಂತ ಸಿದ್ದೇಶ್ ಶುರು ಮಾಡಿದ. “ಅವಳ ಫೋನಿಗೆ ಲಾಕ್ ಹಾಕಿಸಿದ್ದೆ. ರಾತ್ರಿ ಊಟಕ್ಕೆ ಕೂತ್ರೆ ಫೋನ್ ನನ್ನ ಹತ್ರಾನೇ. ಇದೆಲ್ಲಾ ಆದ್ಮೇಲೆ ನೋಡ್ರಿ, ಹೋದ ವಾರ ಅದನ್ನೂ ಹಾಕಿಸೀನಿ.”

ಟಿ.ವಿ. ಮೇಲೆ ಗೋಡೆಯಲ್ಲಿ ಬಿಳಿ ಚೆಂಡಿನಂಥ ಕ್ಯಾಮರಾ ಕೂತಿತ್ತು. ಕೆಳಗೆ ಸಣ್ಣ ಹಸಿರು ದೀಪ. ನಮ್ಮೆಜಮಾನರು ಅದರ ಮುಂದೆ ಹೋಗಿ ತಲೆ ಬಾಚಿಕೊಂಡರು.

“ಬರ್ರೀ ಈ ಕಡೆ” ಅಂದೆ ನಾನು. “ಸಂಧ್ಯಾ, ಸುಚಿ ಫೋನ್ ಎಲ್ಲಿ?”

ಸಂಧ್ಯಾರಾಣಿ ಅಡುಗೆಮನೆಗೆ ಹೋಗಿ ಬಂದಳು. ಫೋನಿನ ಮೇಲೆಲ್ಲಾ ಅಕ್ಕಿ ಧೂಳು.

“ಇವ್ರು ಒಡೆದು ಹಾಕಾಕೆ ಹೊಂಟಿದ್ರಕ್ಕ. ಅಕ್ಕಿ ಡಬ್ಬಿಗೆ ತುರುಕಿದ್ದೆ.”

“ಅಕ್ಕಿ ಡಬ್ಬೀಲಿತ್ತಾ?” ಸಿದ್ದೇಶ್ ಬಾಯಿ ಬಿಟ್ಟ. “ಮನೆಯೆಲ್ಲಾ ಹುಡುಕಿದ್ನಲ್ಲೇ!”

“ನೀವು ಅನ್ನ ಮಾಡೋರಾಗಿದ್ರೆ ಸಿಗ್ತಿತ್ತು.”

ಬಾಗಿಲ ಸಂದಿಯಲ್ಲಿ ನಿಂತಿದ್ದ ಸುಚಿ ಮೊದಲನೇ ಸಲ ಕಿಸಕ್ಕಂತ ನಕ್ಕಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು ಹುಡುಗಿಗೆ. ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಕೋಚ್ ಅಕ್ಕನ ಮೆಸೇಜು ತೆಗೆದು ಗಟ್ಟಿಯಾಗಿ ಓದಾಕೆ ಹಿಡಿದೆ.

“‘ಗುಬ್ಬೀ, ಮೊಣಕಾಲು ನೋವು ಕಡಿಮೆ ಆಯ್ತಾ?’ ‘ಅಜ್ಜಿ ಮಾಡಿದ ಕರ್ಜಿಕಾಯಿ ಚೆನ್ನಾಗಿತ್ತಾ?’ ‘ಭಾನುವಾರ ನಿಮ್ಮಪ್ಪ ದಾವಣಗೆರೆಗೆ ಹೋಗ್ತಾರಲ್ಲ, ಆಗ ಬಾ.’”

“ನೋಡಿದ್ರಾ?” ಸಿದ್ದೇಶ್ ಎದ್ದು ನಿಂತ. “ಗುಬ್ಬಿ ಅಂತ ಕರಿಯೋದು ಮನೆಯೋರು ಮಾತ್ರ. ಕರ್ಜಿಕಾಯಿ ತಿಂದೋರೂ ಮನೆಯೋರೇ. ಇವಳು ಹೇಳದೆ ಹೊರಗಿನೋರಿಗೆ ಹೆಂಗೆ ಗೊತ್ತಾಗ್ತೈತೆ?”

“ನಾನು ಹೇಳಿಲ್ಲಪ್ಪಾ” ಅಂದಳು ಸುಚಿ. “ಅವ್ರೇ ಗುಬ್ಬಿ ಅಂದ್ರು. ಅದಕ್ಕೇ ನಮ್ಮೋರೇ ಯಾರೋ ಅನ್ಕಂಡು ಮಾತಾಡ್ದೆ.”

“ಸುಳ್ಳು ಬೇರೆ!”

“ಸಿದ್ದೇಶಪ್ಪ, ಕೂತ್ಕೋ. ನೀನು ನಿಂತ್ರೆ ನಂಗೆ ಫ್ಯಾನ್ ಗಾಳಿ ಬರಲ್ಲ” ಅಂದೆ.

ಕೂತ. ನಾನು ಮುಂದಿನ ಸಾಲು ಓದಿದೆ. ಓದಿದವಳು ಅಲ್ಲೇ ನಿಲ್ಲಿಸಿದೆ. ಮತ್ತೆ ಓದಿದೆ.

“‘ಓಟದಲ್ಲಿ ತಾಲ್ಲೂಕಿಗೇ ಫಸ್ಟ್ ಬಂದಿದೀಯಂತೆ! ಶಭಾಷ್ ಗುಬ್ಬಿ!’ ಹೌದೇನೇ ಸುಚಿ? ಫಸ್ಟ್ ಬಂದ್ಯಾ?”

“ಇಲ್ಲ ಅತ್ತೆ. ಥರ್ಡ್. ಅಲ್ಲೇ ಕೆಳಗೆ ಹೇಳೀನಿ ನೋಡ್ರಿ.”

ಹೌದು. ಕೆಳಗೆ ಹುಡುಗಿಯ ಉತ್ತರ: ‘ಫಸ್ಟ್ ಅಲ್ಲಕ್ಕ, ಥರ್ಡ್ ಬಂದಿದ್ದು.’ ಮೂರನೇ ಸ್ಥಾನದ ಕಂಚಿನ ಬಣ್ಣದ ಪದಕ ಶೋಕೇಸಿನಲ್ಲೇ ತೂಗಾಡ್ತಿತ್ತು.

ನನ್ನ ಕಿವಿ ನೆಟ್ಟಗಾಯ್ತು. ಮಗು ಹೇಳಿದ್ದನ್ನು ಕೇಳಿ ಬರೆದಿದ್ದರೆ ಥರ್ಡ್ ಅಂತ ಇರಬೇಕಿತ್ತು. ಈ ಫಸ್ಟು ಎಲ್ಲಿಂದ ಬಂತು?

ಸಿದ್ದೇಶನ ಕಡೆ ನೋಡಿದೆ. ಸುಮ್ಮಸುಮ್ಮನೆ ಕೆಮ್ಮಿದ.

ಆ ಹೊತ್ತಿಗೇ ಹೊರಗೆ ದೊಡ್ಡ ದನಿ ಕೇಳಿತು. “ಬೀಗ್ರೇ! ಇದೀರೇನ್ರೀ?”

ಉಚ್ಚಂಗೆಪ್ಪನವರು. ಜಗಳೂರಿನವರು, ಸಿದ್ದೇಶನ ತಮ್ಮನಿಗೆ ಮಗಳು ಕೊಟ್ಟ ಬೀಗರು. ಎರಡು ವರ್ಷದ ಹಿಂದೆ ಹೊನ್ನಾಳಿಯಲ್ಲಿ ಆದ ಆ ಮದುವೆಗೆ ಎರಡೂ ಮನೆತನ ವಿಚಾರಿಸಿದವಳು ನಾನೇ. ಇವತ್ತು ಬರಬೇಕು ಅಂತ ಅಜ್ಜಮ್ಮನ ಕೈಲಿ ಫೋನ್ ಮಾಡಿಸಿದ್ದವಳೂ ನಾನೇ. ಮನೆ ಮಾತು ಹೊರಗೆ ಹೋಗಿದ್ರೆ ಬೀಗರನ್ನೂ ಒಂದು ಮಾತು ಕೇಳಬೇಕು ಅನ್ನೋದು ನನ್ನ ಕಸುಬಿನ ಪಾಠ. ಸಿದ್ದೇಶನಿಗೆ ಮಾತ್ರ ಹೇಳಿರಲಿಲ್ಲ.

ಉಚ್ಚಂಗೆಪ್ಪ ಒಳಗೆ ಬಂದರು. ಒಂದು ಕೈಯಲ್ಲಿ ಖಾರ ಮಂಡಕ್ಕಿ ಪೊಟ್ಟಣ, ಇನ್ನೊಂದರಲ್ಲಿ ಮೆಣಸಿನಕಾಯಿ ಬಜ್ಜಿ. ನಮ್ಮೆಜಮಾನರು ಮೊರ ಮುಂದೆ ಚಾಚಿದರು. ಬೀಗರು ಪಾಪ, ಬಜ್ಜಿ ಪೊಟ್ಟಣವನ್ನೇ ಅದರಲ್ಲಿಟ್ಟರು.

“ಫೋನು, ಫೋನು” ಅಂದೆ.

“ಓ, ಇದ್ಯಾವ ಹೊಸ ಪದ್ಧತಿ ಕಲ್ಲೇಶಪ್ಪಾರೆ? ತಗಳ್ರಿ, ಅದೂ ಇರ್ಲಿ.”

ಟೀ ಬಂತು. ಮಂಡಕ್ಕಿ ತಟ್ಟೆಗೆ ಬಂತು. ಎಲ್ಲರೂ ಒಂದೊಂದು ಹಿಡಿ ತೆಗೆದುಕೊಂಡ ಮೇಲೆ ಮೆಲ್ಲಗೆ ಕೇಳಿದೆ.

“ಬೀಗ್ರೇ, ಮೊನ್ನೆ ಓಟದಾಗೆ ನಮ್ಮ ಸುಚಿ ಎಷ್ಟನೇದು ಬಂದ್ಲು?”

“ಫಸ್ಟ್ ಅಲ್ವೇನ್ರೀ!” ಉಚ್ಚಂಗೆಪ್ಪ ತೊಡೆ ತಟ್ಟಿದರು. “ಸಿದ್ದೇಶಪ್ಪ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದ. ನಾನು ಜಗಳೂರಿನಾಗೆಲ್ಲಾ ಹೇಳ್ಕಂಡು ಬಂದೀನಿ.”

ಸುಚಿ ಅಪ್ಪನನ್ನು ನೋಡಿದಳು. ಅಜ್ಜಮ್ಮ ನೋಡಿದರು. ಸಂಧ್ಯಾರಾಣಿಯಂತೂ ಟೀ ತಟ್ಟೆ ಹಿಡಿದುಕೊಂಡೇ ನೋಡಿದಳು.

“ಏನೋ ಸಿದ್ದೇಶ?” ಅಂದರು ಅಜ್ಜಮ್ಮ.

“ಅದು... ಹಿಂದಿನ ದಿನಾನೇ ಬೀಗರು ಅವ್ರ ಮೊಮ್ಮಗ ಸೆಕೆಂಡ್ ಬಂದ ಅಂತ ಫೋಟೋ ಹಾಕಿದ್ರಮ್ಮ. ನಾನು ಥರ್ಡ್ ಅಂತ ಹೆಂಗೆ ಹಾಕ್ಲಿ?”

ಉಚ್ಚಂಗೆಪ್ಪ ಗಹಗಹಿಸಿ ನಕ್ಕರು. “ಅಯ್ಯೋ ನಿನ್ನ! ಅವ್ನ ಓಟದಾಗೆ ಓಡಿದ್ದೇ ಇಬ್ರು ಹುಡುಗ್ರು ಕಣಪ್ಪಾ!”

ಸುಚಿ ಮುಖ ಮುಚ್ಚಿಕೊಂಡು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಆದರೆ ಬಂದ ಕೆಲಸ ಬಿಡೋ ಹಂಗಿಲ್ಲವಲ್ಲ.

“ಸಿದ್ದೇಶಪ್ಪ, ಈ ಫಸ್ಟು ಇನ್ನೆಲ್ಲಾದ್ರೂ ಹೇಳಿದ್ಯಾ? ಅಂಗಡೀಲಿ? ಓಣೀಲಿ?”

“ಛೇ, ಇಲ್ಲಿ ಹೆಂಗೆ ಹೇಳ್ಲಿ? ಊರಿಗೆಲ್ಲಾ ಥರ್ಡ್ ಅಂತ ಗೊತ್ತೈತಲ್ಲ. ಗುಂಪಿಗೆ ಮಾತ್ರ ಹಾಕಿದ್ದು.”

“ಹಂಗಾದ್ರೆ ಕೇಳು. ಆ ಸುಳ್ಳು ಇದ್ದಿದ್ದು ಒಂದೇ ಜಾಗದಾಗೆ. ಕೋಚ್ ಅಕ್ಕ ಅದನ್ನ ಓದಿದ್ದೂ ಅಲ್ಲೇ. ನಿನ್ನ ಮಗಳು ಬಾಯಿ ಬಿಟ್ಟಿಲ್ಲ. ಬಾಯಿ ಬಿಟ್ಟೋನು ನೀನು.”

ಅವನ ಕೈಯಲ್ಲಿದ್ದ ಮಂಡಕ್ಕಿ ಅಲ್ಲೇ ಉಳಿಯಿತು.

ಮೊರದಿಂದ ಅವನದೇ ಫೋನು ತೆಗೆದು ಅವನ ಕೈಯಲ್ಲೇ ತೆರೆಸಿದೆ. ಗುಂಪಿನ ಹೆಸರು ‘ಹೊನ್ನಾಳಿ ಮದುವೆ ಬಂಧು ಬಳಗ’. ಮದುವೆ ಮುಗಿದು ಎರಡು ವರ್ಷ ಆಗಿದ್ದರೂ ಗುಂಪಿನ ಸಂಭ್ರಮ ಮುಗಿದಿರಲಿಲ್ಲ. ಸುಚಿ ಶಾಲೆ ಬಟ್ಟೆಯಲ್ಲಿ, ಶಾಲೆ ಹೆಸರು ಎದ್ದು ಕಾಣೋ ಹಂಗೆ. ಸುಚಿ ಮೊಣಕಾಲಿಗೆ ಪಟ್ಟಿ, ‘ನಮ್ಮ ಗುಬ್ಬಿ ಬಿದ್ದುಬಿಟ್ಲು’ ಅಂತ ಸಂಧ್ಯಾರಾಣಿಯ ಒಕ್ಕಣೆ. ಕರ್ಜಿಕಾಯಿ ತಟ್ಟೆ ಹಿಡಿದ ಸುಚಿ. ಟ್ಯೂಷನ್ನಿಗೆ ಹೊರಟ ಸುಚಿ, ಎಷ್ಟೊತ್ತಿಗೆ ಬರ್ತಾಳೆ ಅನ್ನೋದರ ಸಮೇತ.

ಒಂದೊಂದನ್ನೇ ತೋರಿಸ್ತಾ ಹೋದೆ. ಸಂಧ್ಯಾರಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಕ್ಕಾ, ನಾನೂ ಹಾಕೀನಿ. ನಮ್ಮೋರೇ ಅಲ್ವಾ ಅಂತ.”

“ನಮ್ಮೋರೇ ಅಂತ ಎಲ್ಲಾರೂ ಅನ್ಕಂಡಿದೀರಿ. ಸರಿ, ಇಲ್ಲಿ ದಾಸವಾಳದ ಫೋಟೋ ಹಾಕ್ಕಂಡು ದಿನಾ ಬೆಳಿಗ್ಗೆ ಶುಭೋದಯ ಅಂತಾರಲ್ಲ, ಹೆಸರು ಬರೀ ‘ಮಾವ’ ಅಂತ ಐತೆ. ಯಾರಿವ್ರು?”

“ಮಾವ ಅಲ್ವಾ!” ಸಂಧ್ಯಾರಾಣಿ ಮುಖ ಅರಳಿತು. “ಬಹಳ ಒಳ್ಳೇರಕ್ಕ. ಯಾರ ಹುಟ್ಟಿದಬ್ಬ ಇದ್ರೂ ಮೊದ್ಲು ಅವ್ರದೇ ಆಶೀರ್ವಾದ. ಮಕ್ಕಳ ಫೋಟೋ ಹಾಕ್ರಿ ಅಂತ ಪ್ರೀತಿಯಿಂದ ಕೇಳ್ತಾರೆ.”

“ಯಾರ ಕಡೆಯೋರು?”

“ಜಗಳೂರು ಕಡೆಯೋರು” ಅಂದ ಸಿದ್ದೇಶ್. “ಬೀಗರ ತಮ್ಮನೋ, ಭಾವನೋ ಇರ್ಬೇಕು.”

ಉಚ್ಚಂಗೆಪ್ಪ ಟೀ ಲೋಟ ಕೆಳಗಿಟ್ಟರು.

“ನಮ್ಮೋರಾ? ಏನು ಹೇಳ್ತೀಯಪ್ಪಾ? ನಿಮ್ಮ ಕಡೆ ಹಿರಿಯರು ಅಂತ ನಾನು ದಿನಾ ಕೈ ಮುಗಿಯೋ ಚಿತ್ರ ಕಳಿಸ್ತೀನಿ!”

“ನಮ್ಮ ಕಡೆಯೋರು ಅಲ್ರೀ!”

“ನಮ್ಮ ಕಡೆಯೋರೂ ಅಲ್ಲ!”

ನಮ್ಮೆಜಮಾನರು ಮಂಡಕ್ಕಿ ಅಗಿಯೋದು ನಿಲ್ಲಿಸಿದರು. ಅಷ್ಟಾದರೆ ವಿಷಯ ದೊಡ್ಡದು ಅಂತಲೇ ಲೆಕ್ಕ.

“ಎರಡು ವರ್ಷದಿಂದ ಒಬ್ರಾದ್ರೂ ನೀವ್ಯಾರು ಅಂತ ಕೇಳ್ಬಾರ್ದಾ?” ಅಂದೆ.

“ಬೀಗರನ್ನ ಹೆಂಗೆ ಕೇಳಾಕೆ ಆಗ್ತೈತ್ರೀ ನೀವ್ಯಾರು ಅಂತ?” ಸಿದ್ದೇಶ್ ಮುಖ ಸಣ್ಣದು ಮಾಡಿದ. “ಬೇಜಾರು ಮಾಡ್ಕಳಲ್ವಾ?”

“ನಾನೂ ಅದಕ್ಕೇ ಕೇಳ್ಲಿಲ್ಲ” ಅಂದರು ಉಚ್ಚಂಗೆಪ್ಪ. “ಗಂಡಿನ ಕಡೆಯೋರು ಬೇರೆ.”

ಹಣೆ ಚಚ್ಚಿಕೊಂಡೆ. ಮದುವೆಗೆ ಕರೆಯುವಾಗ ಆ ಗುಂಪಿಗೆ ಸೇರೋ ಲಿಂಕನ್ನು ಇವರು ಅವರಿಗೆ, ಅವರು ಇನ್ನೊಬ್ಬರಿಗೆ ಕಳಿಸಿದ್ದರಂತೆ. ಒತ್ತಿದವರೆಲ್ಲಾ ಒಳಗೆ. ಸೋದರಮಾವ, ಷಡ್ಡಕ, ದೊಡ್ಡಪ್ಪನ ಮಗ, ಎರಡೂ ಮನೆತನದಲ್ಲಿ ನಾನು ಜಾಲಾಡದ ಗಂಡಸಿಲ್ಲ. ಈ ದಾಸವಾಳದ ಮನುಷ್ಯ ನನ್ನ ಕಣ್ಣಿಗೆ ಎಲ್ಲೂ ಬಿದ್ದಿರಲಿಲ್ಲ. ಮರ್ಯಾದೆಗೆ ಅಂಜಿ ಎರಡೂ ಮನೆಯವರು ಸೇರಿ ಒಬ್ಬ ಮಾವನನ್ನು ಸಾಕಿದ್ದರು.

“ಇದನ್ನ ಓದು” ಅಂತ ಫೋನನ್ನು ಸಿದ್ದೇಶನ ಮುಖಕ್ಕೇ ಹಿಡಿದೆ. “ಗಟ್ಟಿಯಾಗಿ ಓದು.”

ಅವನು ತಡವರಿಸಿ ಓದಿದ. ಮೊದಲು ಮಾವನ ಸಾಲು: ‘ಸಿದ್ದೇಶಪ್ಪ, ಬರೋ ಭಾನುವಾರ ಊರಲ್ಲಿ ಇರ್ತೀಯಾ? ಆ ಕಡೆ ಬರೋದಿತ್ತು.’ ಆಮೇಲೆ ಅವನದೇ ಉತ್ತರ: ‘ಇಲ್ಲ ಮಾವ, ದಾವಣಗೆರೆಗೆ ಲೋಡ್ ತರಾಕೆ ಹೋಗ್ತೀನಿ. ಮನೇಲಿ ಅಮ್ಮ, ಮಗಳು ಇರ್ತಾರೆ, ಬಂದು ಹೋಗ್ರಿ.’

ಹೊನ್ನಾಳಿಗೆ ಬಾ ಅಂತ ಕೋಚ್ ಅಕ್ಕ ಕರೆದಿದ್ದು ಅದೇ ಭಾನುವಾರಕ್ಕೆ.

ಅಷ್ಟು ದೊಡ್ಡ ಗಂಡಸು ಎದ್ದು ಬಂದು ನೆಲದ ಮೇಲೆ ಕೂತ. ಮಗಳ ಎರಡೂ ಕೈ ಹಿಡಕೊಂಡ.

“ಗುಬ್ಬೀ... ನಾನೇ ಕಣೇ. ಎಲ್ಲಾ ನಾನೇ ಹೇಳಿ, ನಿನ್ನ ಬೈದ್ನಲ್ಲೇ.”

ಸುಚಿ ಮೊದಲು ಅತ್ತಳು. ಹತ್ತು ದಿನದ ಅಳು ಅದು, ಹೊರಗೆ ಬರಲಿ ಅಂತ ನಾವ್ಯಾರೂ ತಡೆಯಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು.

“ಟಿ.ಸಿ.?”

“ಯಾವ ಟಿ.ಸಿ.? ನಾಳೆ ನೀನು ಆಡಾಕೆ ಹೋಗ್ತೀಯ. ನಾನೇ ಬಿಟ್ಟು ಬರ್ತೀನಿ.”

“ಮತ್ತೆ ಗುಂಪಿಗೆ ಥರ್ಡ್ ಅಂತ ಹಾಕ್ಬೇಕು.”

“ಹಾಕ್ತೀನಮ್ಮ. ಏನು ಬೇಕಾದ್ರೂ ಹಾಕ್ತೀನಿ.”

“ಏನೂ ಹಾಕೋದು ಬೇಡ!” ಅಂತ ನಾನು ಕೂಗಿದೆ. ಎಲ್ಲರೂ ಬೆಚ್ಚಿಬಿದ್ದರು. “ಆ ಚಾಳಿಗೇ ಇಷ್ಟೆಲ್ಲಾ ಆಗಿದ್ದು. ಈಗ ಯಾರೂ ಅವ್ನನ್ನ ಗುಂಪಿನಿಂದ ತೆಗೀಬಾರ್ದು, ಒಂದು ಮಾತೂ ಆಡಬಾರ್ದು. ತೆಗೆದ್ರೆ ಹುಷಾರಾಗ್ತಾನೆ. ನಾಳೆ ಬೆಳಿಗ್ಗೆ ಈ ಫೋನ್ ಎಲ್ಲಾ ತಗಂಡು ನಾವು ಪೊಲೀಸ್ ಸ್ಟೇಷನ್ನಿಗೆ. ಅಲ್ಲಿವರೆಗೆ ಅವ್ನಿಗೆ ಏನೂ ಗೊತ್ತಾಗಬಾರ್ದು.”

“ಹೆಂಗೆ ಗೊತ್ತಾಗ್ತೈತೆ?” ಅಂದರು ಉಚ್ಚಂಗೆಪ್ಪ. “ಫೋನೆಲ್ಲಾ ನಿಮ್ಮ ಹತ್ರಾನೇ ಐತಲ್ಲ.”

ಖರೇ. ಸಿದ್ದೇಶನ ಫೋನು ನನ್ನ ಕೈಯಲ್ಲಿ, ಮಿಕ್ಕಿದ್ದು ಬಜ್ಜಿ ಪೊಟ್ಟಣದ ಜೊತೆ ಮೊರದಲ್ಲಿ. ಮನಸ್ಸು ಹಗುರಾಗಿ ಟೀ ಲೋಟಕ್ಕೆ ಕೈ ಹಾಕಿದೆ.

ನನ್ನ ಕೈಯಲ್ಲಿದ್ದ ಫೋನು ಟಿಣ್ ಅಂತು. ಮೊರದೊಳಗಿನ ಫೋನುಗಳೂ ಒಂದರ ಹಿಂದೆ ಒಂದು ಟಿಣ್ ಟಿಣ್ ಅಂದವು. ಅಜ್ಜಮ್ಮನದು ಮಾತ್ರ ಸುಮ್ಮನಿತ್ತು.

ಗುಂಪಿಗೆ ಮಾವನ ಮೆಸೇಜು.

‘ಬೀಗರೆಲ್ಲಾ ಸೇರೀರಿ, ಬಹಳ ಸಂತೋಷ. ಕಲ್ಲೇಶಪ್ಪಾರು ಒಬ್ರೇ ಮಂಡಕ್ಕಿ ಖಾಲಿ ಮಾಡ್ತಾ ಇದಾರೆ, ಸ್ವಲ್ಪ ನೋಡ್ಕಳ್ರಿ.’

ನಮ್ಮೆಜಮಾನರ ಕೈ ತಟ್ಟೆಯಲ್ಲೇ ಇತ್ತು. ಮೆಲ್ಲಗೆ ಹಿಂದಕ್ಕೆ ತೆಗೆದರು.

“ನಾನು ಯಾರಿಗೂ ಹೇಳಿಲ್ಲ ಕಣೇ” ಅಂದರು ನನಗೆ. ನಾನು ಕಿಟಕಿ ನೋಡಿದೆ, ಮುಚ್ಚಿತ್ತು. ಬಾಗಿಲು ನೋಡಿದೆ, ಚಿಲಕ ಹಾಕಿತ್ತು. ಸಂಧ್ಯಾರಾಣಿ ಬೀಗರ ಕಡೆ ನೋಡಿದಳು, ಬೀಗರು ಸಿದ್ದೇಶನ ಕಡೆ ನೋಡಿದರು.

ಸುಚಿ ಮಾತ್ರ ಮೇಲೆ ನೋಡಿದಳು.

“ಅಪ್ಪಾ” ಅಂದಳು ಸಣ್ಣ ದನಿಯಲ್ಲಿ, “ಆ ಕ್ಯಾಮರಾದ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?”

ಸಿದ್ದೇಶ್ ನನ್ನ ಕೈಯಲ್ಲಿದ್ದ ತನ್ನ ಫೋನಿನ ಕಡೆ ನೋಡಿದ.

“ಯಾರಿಗೆ ಕೊಟ್ಟೆ?” ಅಂದೆ.

“ಬೀಗರೂ ಮಕ್ಕಳನ್ನ ನೋಡ್ಲಿ ಅಂತ... ನಾನು ಎಷ್ಟು ಜವಾಬ್ದಾರಿಯಿಂದ ಕ್ಯಾಮರಾ ಹಾಕಿಸೀನಿ ಅಂತ ಎಲ್ಲಾರಿಗೂ ಗೊತ್ತಾಗ್ಲಿ ಅಂತ...”

“ಗುಂಪಿಗೆ ಹಾಕಿದ್ಯಾ?”

ಹೂಂ ಅಂತ ತಲೆ ಹಾಕಿದ.

ಗೋಡೆ ಮೇಲಿನ ಬಿಳಿ ಚೆಂಡು ಗಿರ್ ಅಂತ ತಿರುಗಿತು. ನಮ್ಮೆಜಮಾನರನ್ನು ಬಿಟ್ಟು, ಉಚ್ಚಂಗೆಪ್ಪನವರನ್ನು ದಾಟಿ, ಸುಚಿಯ ಮೇಲೆ ಬಂದು ನಿಂತಿತು.

ಸಿದ್ದೇಶ್ ಒಂದೇ ನೆಗೆತಕ್ಕೆ ಎದ್ದ. ಮಗಳಿಗೂ ಕ್ಯಾಮರಾಗೂ ಮಧ್ಯೆ ಗೋಡೆಯಂಗೆ ನಿಂತು, ಎರಡೂ ಅಂಗೈಯಿಂದ ಅದರ ಕಣ್ಣು ಮುಚ್ಚಿದ. ಆ ಮನುಷ್ಯನ ಮೇಲೆ ಬೆಳಿಗ್ಗೆಯಿಂದ ಇದ್ದ ಸಿಟ್ಟೆಲ್ಲಾ ನನಗೆ ಆವಾಗ ಇಳಿದು ಹೋಯ್ತು.

“ವೈರ್ ಕೀಳು!” ಅಂದೆ.

ಕೀಳೋದಕ್ಕೆ ಮುಂಚೆ ಅವನ ಬೆರಳ ಸಂದಿಯಿಂದ ಒಂದು ದನಿ ಬಂತು. ಗಂಡಸಿನ ದನಿ. ನಗುನಗುತ್ತಾ, ಮನೆಯವರೇ ಮಾತಾಡಿಸಿದಂಗೆ.

“ಪ್ರೇಮಕ್ಕಾ, ಟೀ ಆರಿ ಹೋಗ್ತಾ ಐತೆ. ಕುಡೀರಿ ಮೊದ್ಲು.”

ಸಿದ್ದೇಶ್ ವೈರು ಕಿತ್ತ. ಹಸಿರು ದೀಪ ಆರಿತು.

ಅದರ ಹಿಂದೆಯೇ ನೆಲದ ಮೇಲೆ ಏನೋ ಚೆಲ್ಲಿದ ಸದ್ದು. ಉಚ್ಚಂಗೆಪ್ಪನವರ ಕೈಯಲ್ಲಿದ್ದ ಮಂಡಕ್ಕಿಯೆಲ್ಲಾ ಕೆಳಗೆ. ಅಷ್ಟೊತ್ತು ನಗ್ತಿದ್ದ ಮುಖದಲ್ಲಿ ರಕ್ತಾನೇ ಇರಲಿಲ್ಲ.

“ಬೀಗ್ರೇ” ಅಂದೆ, “ಈ ದನಿ ನಿಮಗೆ ಗೊತ್ತೇನ್ರೀ?”

“ಇಲ್ಲ” ಅಂದರು ಉಚ್ಚಂಗೆಪ್ಪ.

ಹುಡುಗ ಕುಡೀತಾನಾ ಅಂತ ಕೇಳಿದಾಗ ಎಷ್ಟೋ ಮನೆಯ ಅಪ್ಪಂದಿರು ನನ್ನ ಮುಂದೆ ಕೂತು ‘ಇಲ್ಲ’ ಅಂದಿದ್ದಾರೆ. ಇದೂ ಅದೇ ಇಲ್ಲ.